ಎಲ್ರೂ ಸೇರಿ ಲೋಕ ಕಟ್ಟೋ ರೋಲ್‌ಪ್ಲೇ ಆಟ, ಪ್ರಶ್ನೆ ಕೇಳಿದ್ರೆ ಟೇಬಲ್ ಸೈಲೆಂಟ್. ಹೆಲ್ಪ್ ಮಾಡಿ

ಕೆರೆಕೋಡಿ:
ನಮಸ್ಕಾರ. ಜಯನಗರದಲ್ಲಿ ಫ್ರೆಂಡ್ ಮನೇಲಿ ಶನಿವಾರ ಸೇರ್ತೀವಿ, ನಾನು ಜಿಎಂ, ಅಂದ್ರೆ ಆಟ ನಡೆಸೋದು ನನ್ ಕೆಲ್ಸ, ಆಡೋರು ನಾಲ್ಕು ಜನ, ಒಬ್ಬೊಬ್ರಿಗೂ ಕಥೇಲಿ ಒಂದೊಂದು ಪಾತ್ರ. ರೆಡಿಮೇಡ್ ಕಥೆ ಏನೂ ಇಲ್ಲ, ಎಲ್ಲಾ ಅಲ್ಲಲ್ಲೇ ಹುಟ್ಟಿಸ್ಕೊಂಡು ಹೋಗೋದು. ಸೆಟ್ಟಿಂಗ್ ಏನಪ್ಪಾ ಅಂದ್ರೆ ಬೆಂಗಳೂರಲ್ಲಿ ಮುಚ್ಚಿಹೋಗಿದ್ದ ಕೆರೆಗಳೆಲ್ಲ ಒಂದ್ ರಾತ್ರಿ ವಾಪಸ್ ಬಂದ್ಬಿಟ್ಟಿವೆ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಜಾಗದಲ್ಲಿ ಧರ್ಮಾಂಬುಧಿ, ಕಂಠೀರವ ಸ್ಟೇಡಿಯಂ ಜಾಗದಲ್ಲಿ ಸಂಪಂಗಿ ಕೆರೆ, ಜನ ಆಫೀಸಿಗೆ ತೆಪ್ಪದಲ್ಲಿ ಹೋಗ್ತಾರೆ. ಐಡಿಯಾ ಎಲ್ರಿಗೂ ಇಷ್ಟ. ಆದ್ರೆ "ಆಚೆ ದಡದಲ್ಲಿ ಏನಿದೆ, ಹೇಳಿ" ಅಂದ್ರೆ ಇಬ್ರು ಬಾಯಿಗ್ ಬಂದಿದ್ದೆಲ್ಲ ಹೇಳ್ತಾರೆ, ಸ್ಪೇಸ್‌ಶಿಪ್ ಕೂಡ ಬಂತು, ಇನ್ನಿಬ್ರು ಫೋನ್ ನೋಡ್ಕೊಂಡು "ನೀನೇ ಹೇಳು ಗುರು" ಅಂತಾರೆ. ಕೆರೆ ಯಾಕೆ ವಾಪಸ್ ಬಂತು ಅನ್ನೋದೇ ಮೇನ್ ಮಿಸ್ಟರಿ, ಅದನ್ನೂ ಅವ್ರ ಹತ್ರಾನೇ ಕೇಳ್ದೆ, ಉತ್ತರ ಚೆನ್ನಾಗೇ ಇತ್ತು, ಆದ್ರೆ ಹೇಳಿದ್ ತಕ್ಷಣ ಆಟ ಸಪ್ಪೆ ಆಗೋಯ್ತು. ಯಾಕೆ?

ಬೋರ್ಡುಬಂಡಿ:
ರೆಡಿಮೇಡ್ ಅಡ್ವೆಂಚರ್ ತಗೊಂಡು ಆಡ್ಸಿ. ಇದೆಲ್ಲ ಎಲ್ಲಾ ಗುಂಪಿಗೂ ಸೆಟ್ ಆಗಲ್ಲ.

ಆರುಮುಖದ ದಾಳ:
ಮೇಲಿನವ್ರ ಮಾತು ಒಪ್ಪಲ್ಲ, ನಿಮ್ ಪ್ಲೇಯರ್ಸ್ ಸರಿಯಾಗೇ ಇದ್ದಾರೆ. ಪ್ರಶ್ನೆ ವಿಪರೀತ ದೊಡ್ಡದು, ಅಷ್ಟೇ. "ಏನಿದೆ ಹೇಳಿ" ಅಂದ್ರೆ ಮಾತುಗಾರರಿಗೆ ಹಬ್ಬ, ನಾಚ್ಕೊಳೋರಿಗೆ ಪರೀಕ್ಷೆ. ಒಬ್ರ ಪಾತ್ರದ ಹೆಸ್ರು ಹಿಡಿದು, ಅರ್ಧ ಉತ್ತರ ನೀವೇ ಪ್ರಶ್ನೆ ಒಳಗೆ ಇಟ್ಟು ಕೇಳಿ. "ನಿಮ್ ಅಂಬಿಗ ಸಂಪಂಗಿ ಕೆರೇಲಿ ಒಂದು ದಡಕ್ಕೆ ಮಾತ್ರ ತೆಪ್ಪ ತಗೊಂಡ್ ಹೋಗಲ್ಲ, ಅಲ್ಲಿ ಯಾರಿಗೆ ದುಡ್ಡು ಬಾಕಿ ಇದೆ?" ಹೀಗೆ ಕೇಳಿದ್ರೆ ಫೋನ್ ನೋಡ್ತಿರೋರೂ "ನಮ್ ಭಾವನಿಗೆ" ಅಂತಾದ್ರೂ ಅಂತಾರೆ, ಅಲ್ಲಿಗೆ ಭಾವ ಅನ್ನೋ ಒಬ್ಬ ವಿಲನ್ ಸಿಕ್ಕಿದ.

ಮಿಸ್ಟರಿ ವಿಷ್ಯ ಬೇರೆ. ಒಗಟು ಬಿಡಿಸ್ಬೇಕಾದವನೇ ಉತ್ತರಾನೂ ಹುಟ್ಟಿಸಿದ್ರೆ ಅವನಿಗೆ ಹುಡುಕೋಕೆ ಏನ್ ಉಳೀತು? ಪ್ಲೇಯರ್ಸ್ ಹತ್ರ ಸುಳಿವು ಮಾತ್ರ ಕೇಳಿ, ಉತ್ತರ ಕೇಳ್ಬೇಡಿ. "ನೀರು ಬಂದ ರಾತ್ರಿ ನೀವು ನೋಡಿ ಯಾರಿಗೂ ಹೇಳ್ದೇ ಇರೋದು ಏನು?" ಅಂತ ಒಬ್ಬೊಬ್ರನ್ನೂ ಕೇಳಿ ಬರ್ಕೊಳ್ಳಿ, ಅವನ್ನ ಜೋಡ್ಸೋದು ನಿಮ್ ಕೆಲ್ಸ, ಅದೂ ನಿಧಾನಕ್ಕೆ.

ಸ್ಪೇಸ್‌ಶಿಪ್‌ಗೆ ಮದ್ದು 2011ರ ಮೈಕ್ರೋಸ್ಕೋಪ್ ಅನ್ನೋ ಆಟದಲ್ಲಿದೆ. ಶುರುವಲ್ಲೇ ಈ ಲೋಕದಲ್ಲಿ ಏನು ಬೇಕು, ಏನು ಬೇಡ ಅಂತ ಎರಡು ಪಟ್ಟಿ, ಎಲ್ರೂ ಸೇರಿಸ್ತಾರೆ, ಯಾರಿಗೂ ತಕರಾರು ಇರಬಾರ್ದು. ಆಮೇಲೆ ತಮ್ಮ ಸರದೀಲಿ ಒಬ್ಬೊಬ್ರೇ ನಿರ್ಧಾರ ಮಾಡೋದು, ಪಕ್ಕದೋರು ಸಲಹೆ ಕೊಡಂಗಿಲ್ಲ! ಸೇರಿ ಕಟ್ಟೋ ಆಟದಲ್ಲಿ ಇದೇನಪ್ಪಾ ಅನ್ಸತ್ತೆ, ಆದ್ರೆ ಮೆತ್ತಗಿರೋರ ಐಡಿಯಾ ಉಳಿಯೋದೇ ಇದ್ರಿಂದ. ದ ಕ್ವೈಯಟ್ ಇಯರ್ ಆಟದಲ್ಲೂ ಚರ್ಚೆ ಬೇಕಂದ್ರೆ ಸರದಿ ಖರ್ಚು ಮಾಡ್ಬೇಕು, ಅದ್ರಲ್ಲೂ ಒಬ್ರಿಗೆ ಒಂದೇ ಸಲ ಮಾತು.

ಕೆರೆಕೋಡಿ:
ಸೂಪರ್ ಸರ್. ಇನ್ನೊಂದು, ಹೋದ್ ವಾರ ಹೇಳಿದ್ದು ಈ ವಾರ ಉಲ್ಟಾ ಆಗತ್ತೆ. ಧರ್ಮಾಂಬುಧಿ ನೀರು ಕಾವೇರಿಗೆ ಸೇರತ್ತೆ ಅಂತ ಒಬ್ಬ, ಇಲ್ಲ ತಮಿಳ್ನಾಡ್ ಕಡೆ ಪಿನಾಕಿನಿಗೆ ಅಂತ ಇನ್ನೊಬ್ಬ, ಅರ್ಧ ಗಂಟೆ ಜಗಳ.

ರಾಜಕಾಲುವೆ:
ಅಯ್ಯೋ ಇದು ಜಗಳ ಅಲ್ಲ ಸ್ವಾಮಿ, ಇದೇ ನಿಮ್ ಕಥೆ! ಬೆಂಗಳೂರು ಕೂತಿರೋದೇ ದಿಬ್ಬದ ಮೇಲೆ. ಪಶ್ಚಿಮದ ಕಡೆ ಇಳಿಯೋ ನೀರು ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ, ಪೂರ್ವಕ್ಕೆ ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ನಿಮ್ ಆಟದಲ್ಲಿ ಧರ್ಮಾಂಬುಧಿ ವೃಷಭಾವತಿ ಕಡೆ ಅಂತ ಇಟ್ಕೊಂಡ್ರೆ ಕಾವೇರಿ ಅಂದವನು ಗೆದ್ದ. ಆದ್ರೆ ಪಿನಾಕಿನಿ ಅಂದವನ ಮಾತು ಅಳಿಸ್ಬೇಡಿ, ರಾತ್ರೋರಾತ್ರಿ ಯಾರೋ ದಿಬ್ಬ ಕೊರೆದು ನೀರು ಆ ಕಡೆ ತಿರುಗಿಸ್ತಿದ್ದಾರೆ ಅಂತ ಮಾಡಿ, ಒಂದು ತಿಂಗಳು ಆಡ್ಬೋದು. ಪ್ರತಿ ಸಂಗತಿ ಚಿಕ್ಕ ಕಾರ್ಡಲ್ಲಿ ಬರೀರಿ, ಹೇಳಿದ ಪಾತ್ರದ ಹೆಸ್ರೂ ಹಾಕಿ. ಆಟದೊಳಗೆ ಕಣ್ಣಾರೆ ಕಾಣೋ ತನಕ ಅದು ಬರೀ ವದಂತಿ.

ಕೆರೆಕೋಡಿ:
ಕಾರ್ಡ್ ಇವತ್ತೇ ತರ್ತೀನಿ. ಡೈಸ್ ಯಾವಾಗ ಹಾಕೋದು, ಎಲ್ಲಾದಕ್ಕೂನಾ?

ಆರುಮುಖದ ದಾಳ:
ಬೇಡ, ಸೋತ್ರೂ ಕಥೆಗೆ ಮಜಾ ಇದ್ರೆ ಮಾತ್ರ. 2010ರ ಅಪೋಕಲಿಪ್ಸ್ ವರ್ಲ್ಡ್ ಅನ್ನೋ ಆಟದ ಲೆಕ್ಕ ಇಟ್ಕೊಳ್ಳಿ, ಎರಡು ದಾಳ ಹಾಕಿ, ಆ ಕೆಲ್ಸದಲ್ಲಿ ಪಾತ್ರದ ಬಲ ಎಷ್ಟು ಅನ್ನೋ ಅಂಕ ಕೂಡಿಸೋದು, 10 ಮತ್ತು ಮೇಲೆ ಬಂದ್ರೆ ಕೆಲ್ಸ ಆಯ್ತು, 7ರಿಂದ 9 ಬಂದ್ರೆ ಆಯ್ತು ಆದ್ರೆ ಏನೋ ಕಳ್ಕೋಬೇಕು, 6 ಅಥವಾ ಕಮ್ಮಿ ಬಂದ್ರೆ ಜಿಎಂ ತಲೆನೋವು ಕೊಡ್ತಾನೆ. ಆ 7ರಿಂದ 9ರಲ್ಲಿ ಕಳ್ಕೊಳೋದು ಏನು ಅಂತ ದಾಳ ಹಾಕಿದವನನ್ನ ಕೇಳ್ಬೇಡಿ, ಫೋನ್ ನೋಡ್ತಿರೋರನ್ನ ಕೇಳಿ.