ಪದಚರ್ಚೆ: ಗೇಮ್ ‘ಲೋಡ್ ಆಗೋದು’ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಗೆಳೆಯರೊಬ್ಬರು ಮಾಡಿರುವ ಚಿಕ್ಕ ಮೊಬೈಲ್ ಗೇಮಿನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಕೋರು, ಲೆವೆಲ್ಲು, ಸೌಂಡು ಎಲ್ಲ ಸಲೀಸಾಗಿ ಮುಗಿದವು. ಸಿಕ್ಕಿಹಾಕಿಕೊಂಡಿದ್ದು ಆಟಕ್ಕೆ ಮೊದಲು ಬರುವ ಎರಡು ತೆರೆಗಳಲ್ಲಿ. ಒಂದರಲ್ಲಿ ಆಟ ಮಾಡಿದವರ ಗುರುತು (ಲೋಗೋ) ಬಂದು ಹೋಗುತ್ತದೆ. ಇನ್ನೊಂದರಲ್ಲಿ ಒಂದು ಪಟ್ಟಿ ತುಂಬುತ್ತಾ ಹೋಗುತ್ತದೆ. ಮಾತಿನಲ್ಲಿ ಎರಡಕ್ಕೂ ‘ಲೋಡ್ ಆಗ್ತಾ ಇದೆ’ ಅಂದುಬಿಡುತ್ತೇವೆ. ಎರಡೂ ಒಂದೇನಾ?

ಆ್ಯಪ್‌ಗಳಲ್ಲಿ ‘ಲೋಡ್ ಮಾಡಲಾಗುತ್ತಿದೆ’ ಅಂತ ಬರುವುದನ್ನು ನೋಡಿರುತ್ತೀರಿ. ನನಗಂತೂ ಅದು ಹಿಡಿಸುವುದಿಲ್ಲ. ಬಾಯಲ್ಲಿ ಯಾರು ಹಾಗೆ ಅಂತಾರೆ? ಆದರೆ ಯೋಚಿಸಿದರೆ ‘ಮಾಡು’ ಮತ್ತು ‘ಆಗು’ ನಡುವೆ ಒಂದು ಕಥೆಯೇ ಇದೆ.

1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಗೇಮುಗಳು ಬರುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಂಥದ್ದೇ ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರಿನಿಂದ ವೈರು ಎಳೆದು, ‘ಜೆ’ ಕೀಲಿ ಒತ್ತಿದರೆ ‘ಲೋಡ್’ ಅನ್ನೋ ಇಡೀ ಪದ ತೆರೆಯ ಮೇಲೆ ಬೀಳುತ್ತಿತ್ತು. ಆಮೇಲೆ ಟೇಪ್ ಓಡಿಸಬೇಕು. ಕೀರಲು ಸದ್ದಿನ ಜೊತೆ ತೆರೆಯ ಅಂಚಿನಲ್ಲಿ ನೀಲಿ-ಹಳದಿ ಪಟ್ಟೆಗಳು ಕುಣಿಯುತ್ತಿದ್ದವು. ಎಷ್ಟೋ ಗೇಮುಗಳಲ್ಲಿ ಮೊದಲು ಬರುತ್ತಿದ್ದದ್ದು 6,912 ಬೈಟಿನ ಒಂದು ಚಿತ್ರ. ಅದೂ ಮೇಲಿಂದ ಕೆಳಕ್ಕೆ ಸಾಲಾಗಿ ಅಲ್ಲ. ಒಂದು ಗೆರೆ ಇಲ್ಲಿ, ಮುಂದಿನ ಗೆರೆ ಎಂಟು ಸಾಲು ಕೆಳಗೆ. ಹೀಗೆ ಬಣ್ಣವಿಲ್ಲದೆ ಪೂರ್ತಿ ಮೂಡಿದ ಮೇಲೆ, ಕೊನೆಯ 768 ಬೈಟಿನಲ್ಲಿ ಬಣ್ಣ ಬಂದು ಕೂರುತ್ತಿತ್ತು. ಕಂಪ್ಯೂಟರಿನ 48 ಕಿಲೋಬೈಟ್ ಮೆಮರಿ ತುಂಬಲು ನಾಲ್ಕೈದು ನಿಮಿಷ. ಇಲ್ಲಿ ಲೋಡ್ ಅನ್ನೋದು ಆಡುವವರು ಕೈಯಾರೆ ‘ಮಾಡುವ’ ಕೆಲಸ.

ಕಾರ್ಟ್ರಿಜ್ (ಆಟದ ಚಿಪ್ ಇರುವ ಡಬ್ಬಿ) ಕಾಲದಲ್ಲಿ ‘ಮಾಡು’, ‘ಆಗು’ ಎರಡೂ ಇಲ್ಲ. ಚಿಪ್ಪಿನಲ್ಲಿರುವ ಆಟವನ್ನು ಪ್ರೊಸೆಸರ್ ನೇರವಾಗಿ ಓದಿಕೊಳ್ಳುತ್ತದೆ, ಸ್ವಿಚ್ ಒತ್ತಿದರೆ ಆಟ ರೆಡಿ. ತೊಂಬತ್ತರ ದಶಕದಲ್ಲಿ ನಮ್ಮ ಟಿವಿಗಳಿಗೆ ಸಿಕ್ಕಿಸುತ್ತಿದ್ದ ವಿಡಿಯೋ ಗೇಮುಗಳು ಈ ಜಾತಿಯವು. ಒಳಗೆ ಟೇಪಿನ ಸುಳಿವೇ ಇಲ್ಲದಿದ್ದರೂ ಅದನ್ನು ನಾವು ‘ಕ್ಯಾಸೆಟ್’ ಅಂತಲೇ ಕರೆದೆವು. ‘ಕ್ಯಾಸೆಟ್ ಹಾಕೋ’. ‘ಲೋಡ್’ ಅನ್ನೋ ಮಾತೇ ಬೇಕಾಗಿರಲಿಲ್ಲ.

‘ಆಗು’ ಬಂದದ್ದು ಸಿಡಿ ಜೊತೆ ಅಂತ ನನ್ನ ಲೆಕ್ಕ. 1994ರಲ್ಲಿ ಬಂದ ಪ್ಲೇಸ್ಟೇಷನ್ ಅನ್ನೋ ಗೇಮ್ ಯಂತ್ರದ ಮುಖ್ಯ ಮೆಮರಿ 2 ಮೆಗಾಬೈಟ್. ಸಿಡಿಯಿಂದ ಸೆಕೆಂಡಿಗೆ ಹೆಚ್ಚೆಂದರೆ 300 ಕಿಲೋಬೈಟ್ ಬರುತ್ತಿತ್ತು. ಮೆಮರಿ ಒಂದು ಸಲ ತುಂಬಬೇಕಾದರೆ ಸುಮಾರು ಏಳು ಸೆಕೆಂಡು. ಆಡುವವರು ಏನೂ ಮಾಡುವಂತಿಲ್ಲ, ಅದಾಗಿ ಅದು ಆಗಬೇಕು. ಈ ಹೊತ್ತು ಕಳೆಯಲೆಂದೇ ನಾಮ್ಕೋ ಕಂಪನಿ ‘ರಿಡ್ಜ್ ರೇಸರ್’ನಲ್ಲಿ ಒಂದು ಪುಟ್ಟ ಹಳೇ ಆಟ ಇಟ್ಟಿತು. ಲೋಡ್ ಆಗುವಾಗ ಇನ್ನೊಂದು ಆಟ ಆಡಿಸುವ ಉಪಾಯಕ್ಕೆ ಅಮೆರಿಕದಲ್ಲಿ ಪೇಟೆಂಟನ್ನೂ ತೆಗೆದುಕೊಂಡಿತು. ಅದು ಮುಗಿದದ್ದು 2015ರಲ್ಲಿ! 1996ರ ‘ರೆಸಿಡೆಂಟ್ ಈವಿಲ್’ ಇನ್ನೂ ಜಾಣ. ಕೋಣೆಯಿಂದ ಕೋಣೆಗೆ ಹೋಗುವಾಗ ಬಾಗಿಲೊಂದು ಕಿರ್ರ್ ಅಂತ ನಿಧಾನವಾಗಿ ತೆರೆದುಕೊಳ್ಳುತ್ತದೆ. ಲೋಡ್ ಆಗುವುದು ಆಗಲೇ. ಆಡುವವರಿಗೆ ಮಾತ್ರ ಅದು ಬರೀ ಹೆದರಿಕೆ.

‘ಲೋಡ್’ ಅಂದರೆ ಎಲ್ಲಿಂದಲೋ ತಂದು ತುಂಬುವುದು ಅನ್ನೋ ಅರ್ಥವೂ ಈಗ ಪೂರ್ತಿ ನಿಜ ಅಲ್ಲ. 2021ರಲ್ಲಿ ‘ಜಿಟಿಎ ಆನ್‌ಲೈನ್’ ಯಾಕೆ ನಿಮಿಷಗಟ್ಟಲೆ ಲೋಡ್ ಆಗುತ್ತದೆ ಅಂತ ಒಬ್ಬರು ಹೊರಗಿನವರು ಕೆದಕಿ ನೋಡಿದರು. ಆಟದೊಳಗಿನ ಅಂಗಡಿಯ ಸಾಮಾನುಗಳ ಪಟ್ಟಿ 10 ಮೆಗಾಬೈಟ್ ಇತ್ತು. ಅದರಿಂದ ಒಂದೊಂದು ತುಣುಕು ಓದುವಾಗಲೂ ಇಡೀ ಪಟ್ಟಿಯ ಉದ್ದವನ್ನು ಮತ್ತೆ ಮತ್ತೆ ಅಳೆಯಲಾಗುತ್ತಿತ್ತು. ಅವರು ಅದನ್ನು ಸರಿಪಡಿಸಿದಾಗ ಕಾಯುವ ಹೊತ್ತು ಅವರ ಕಂಪ್ಯೂಟರಿನಲ್ಲಿ 70%ರಷ್ಟು ಇಳಿಯಿತು. ಆಟ ಮಾಡಿದ ರಾಕ್‌ಸ್ಟಾರ್ ಕಂಪನಿ ಅವರಿಗೆ 10,000 ಡಾಲರ್ ಬಹುಮಾನ ಕೊಟ್ಟಿತು. ಆ ಹೊತ್ತಿನ ಬಹುಪಾಲಿಗೆ ಕನ್ನಡದಲ್ಲಿ ಸರಿಯಾದ ಮಾತು ‘ತಿಣುಕಾಡೋದು’, ಅಲ್ವಾ?

ಇನ್ನು ಮೊದಲ ತೆರೆ, ಗುರುತು ಬರುವುದು. ನಿಂಟೆಂಡೋ ಕಂಪನಿಯ, ಕೈಯಲ್ಲಿ ಹಿಡಿದು ಆಡುವ 1989ರ ಗೇಮ್‌ಬಾಯ್ ಆನ್ ಮಾಡಿದರೆ ‘ನಿಂಟೆಂಡೋ’ ಅನ್ನೋ ಹೆಸರು ಮೇಲಿಂದ ಜಾರಿ ಬಂದು ಟಿಣ್ ಅನ್ನುತ್ತಿತ್ತು. ಆ ಹೆಸರಿನ ಚಿತ್ರ ಬರುವುದು ಕಾರ್ಟ್ರಿಜ್ಜಿನಿಂದ. ಯಂತ್ರ ಅದರ 48 ಬೈಟುಗಳನ್ನು ತನ್ನಲ್ಲಿರುವ ನಕಲಿನ ಜೊತೆ ಹೋಲಿಸಿ, ಒಂದೇ ಒಂದು ಬೈಟು ತಪ್ಪಿದರೂ ಅಲ್ಲೇ ನಿಂತುಬಿಡುತ್ತಿತ್ತು. ಅಪ್ಪಣೆ ಪಡೆಯದೆ ಆಟ ಮಾಡಿದವರೂ ಆ ಹೆಸರು ಹಾಕಲೇಬೇಕು, ಹಾಕಿದರೆ ಟ್ರೇಡ್‌ಮಾರ್ಕ್ ಕೇಸು. ಇದು ಲೋಡ್ ಅಲ್ಲವೇ ಅಲ್ಲ, ಬಾಗಿಲಲ್ಲಿ ನಿಂತ ಕಾವಲು.

ಹಾಗಾಗಿ ನನ್ನ ಅನಿಸಿಕೆ: ಮಾತಿನಲ್ಲಿ ‘ಲೋಡ್’ ಇರಲಿ, ಅದು ಎಂದೋ ನಮ್ಮದಾಗಿದೆ. ‘ಒಂದು ಲೋಡ್ ಮರಳು’ ಅನ್ನುವವರಿಗೆ ಅದರಲ್ಲೇನು ಕಷ್ಟ? ‘ಹೇರು’ ಬೇಡ. ‘ಹೇರಿಕೆ’ ಅಂದ ಕೂಡಲೇ ಹಿಂದೆ ‘ಹಿಂದಿ’ ಸೇರಿಕೊಳ್ಳುತ್ತದೆ. ‘ಭರ್ತಿ’ ಅಂದರೆ ಹುದ್ದೆಯೇ ಕಣ್ಣಿಗೆ ಬರುತ್ತದೆ. ತೆರೆಯ ಮೇಲೆ ಬರೆಯುವುದಾದರೆ ‘ಆಟ ಅಣಿಯಾಗುತ್ತಿದೆ’ ಅನ್ನಬಹುದು. ತರುವುದು, ತುಂಬುವುದು, ತಿಣುಕುವುದು ಎಲ್ಲ ಅದರಲ್ಲಿ ಬಂತು.

ಗುರುತಿನ ತೆರೆಗೆ ‘ಪೂರ್ವರಂಗ’ ಹೇಗೆ? ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮೊದಲು ಕೋಡಂಗಿ, ಬಾಲಗೋಪಾಲರು ಬಂದು ಕುಣಿಯುತ್ತಾರೆ, ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ದೊಡ್ಡ ವೇಷಗಳು ಬಣ್ಣ ಹಚ್ಚಿಕೊಳ್ಳುತ್ತಿರುತ್ತವೆ. ಆದರೆ ಎರಡು ಸೆಕೆಂಡಿನ ಚಿತ್ರಕ್ಕೆ ಅಷ್ಟು ಭಾರದ ಪದ ಜಾಸ್ತಿ ಆಯ್ತೇನೋ. ಕರಾವಳಿಯವರು ಹೇಳಬೇಕು.

ಇನ್ನೊಂದು ವಿಷಯ. ಸೈಬರ್ ಕೆಫೆಗಳಲ್ಲಿ ‘ವೈಸ್ ಸಿಟಿ’ ಆಡಿದವರು ಇಲ್ಲಿ ಇದ್ದೇ ಇರುತ್ತೀರಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಸೇತುವೆ ದಾಟುವಾಗ ಆಟ ನಿಂತು ಒಂದು ತೆರೆ ಬರುತ್ತಿತ್ತಲ್ಲ, ಅದಕ್ಕೆ ನಿಮ್ಮೂರಲ್ಲಿ ಏನಂತಿದ್ದಿರಿ? ಧಾರವಾಡ, ಕಲಬುರಗಿ ಕಡೆಯವರು ಬರೆದರೆ ಇನ್ನೂ ಖುಷಿ.