ಹಳೇ ಫೈಬರ್ ಬೋಟ್: ತಳದ ಬಿರುಕು, ಒಳಗಿನ ಫೋಮ್ ಹೇಗೆ ಚೆಕ್ ಮಾಡೋದು?

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡಲ್ಲಿ ಒಂದು 16 ಅಡಿ ಫೈಬರ್‌ಗ್ಲಾಸ್ ಬೋಟ್ ಸಿಗ್ತಿದೆ, ಔಟ್‌ಬೋರ್ಡ್ ಎಂಜಿನ್ ಇರೋದು. ತಳದಲ್ಲಿ ಮುಂದುಗಡೆ ಜೇಡರ ಬಲೆ ಥರ ಸಣ್ಣ ಸಣ್ಣ ಬಿರುಕಿದೆ, ಹಿಂದುಗಡೆ ಒಂದು ಗೇಣುದ್ದ ಸೀಳು, ಅದಕ್ಕೆ ಯಾರೋ ಪುಟ್ಟಿ ಮೆತ್ತಿದಾರೆ. ಕೊಡೋರು ಎಲ್ಲಾ ಮೇಲ್ಮೇಲಿಂದೇ, ಫ್ಲೋರ್ ಕೆಳಗೆ ಫೋಮ್ ಇದೆ, ನೀರು ತುಂಬಿದ್ರೂ ಮುಳುಗಲ್ಲ ಅಂತಾರೆ. ಮಕ್ಕಳನ್ನೂ ಕರ್ಕೊಂಡು ಹೋಗೋ ಬೋಟು, ಈ ಮಾತು ನಂಬಬಹುದಾ?

ಉತ್ತರ: ಫೋಮ್ ಒಣಗಿದ್ರೆ ಮಾತ್ರ ಆ ಮಾತು ನಿಜ. ನಾನು ರಿಪೇರಿ ಮಾಡೋ ಹಳೇ ಬೋಟುಗಳಲ್ಲಿ ಕಣ್ಣಿಗೆ ಕಾಣೋ ಬಿರುಕಿಗಿಂತ ಕಾಣದೇ ಇರೋ ನೀರೇ ಜಾಸ್ತಿ ತೊಂದ್ರೆ ಕೊಡೋದು, ಅದಕ್ಕೆ ಮೊದಲು ತೂಕ ಹಾಕಿಸಿ. ಟ್ರೈಲರ್ ಸಮೇತ ವೇಬ್ರಿಡ್ಜ್ ಮೇಲೆ ನಿಲ್ಸಿ, ಟ್ರೈಲರ್, ಎಂಜಿನ್, ಬ್ಯಾಟರಿ, ಪೆಟ್ರೋಲ್ ತೂಕ ಕಳೀರಿ, ಉಳಿದಿದ್ದನ್ನ ಕಂಪನಿ ಕೊಟ್ಟಿರೋ ಖಾಲಿ ಬೋಟ್ ತೂಕದ ಜೊತೆ ಹೋಲಿಸಿ. ಹತ್ತಿಪ್ಪತ್ತು ಕೆಜಿ ಹೆಚ್ಚುಕಮ್ಮಿಗೆ ತಲೆ ಕೆಡಿಸ್ಕೋಬೇಡಿ, ನೂರರ ಹತ್ರ ಬಂದ್ರೆ ಒಳಗೆ ನೀರಿದೆ ಅಂತಾನೇ ಲೆಕ್ಕ ಹಾಕ್ಕೊಳ್ಳಿ.

ಮುಂದಿನ ಜೇಡರ ಬಲೆ ಬಹುಶಃ ಹೊರಗಿನ ತೆಳು ಹೊಳಪಿನ ಪದರ, ಜೆಲ್‌ಕೋಟ್‌ದು ಅಷ್ಟೇ, ಅಲ್ಲಿ ಹೆಬ್ಬೆರಳಿಂದ ಒತ್ತಿದ್ರೆ ಬಗ್ಗಬಾರದು. ನಂಗೆ ಯೋಚನೆ ಇರೋದು ಹಿಂದಿನ ಸೀಳಿಂದು. ಪುಟ್ಟಿ ಕೆರೆದು ನೋಡೋಕೆ ಬಿಡ್ತಾರಾ ಕೇಳಿ, ಬಿಡಲ್ಲ ಅಂದ್ರೆ ಅಲ್ಲೇ ವಾಪಸ್ ಬಂದ್ಬಿಡಿ. ಕೆರೆದಾಗ ಗ್ಲಾಸ್ ನಾರು ಬಿಳಿಯಾಗಿ ಕಂಡ್ರೆ ಏಟು ಒಳಗಿನ ಗಟ್ಟಿ ನಾರಿನ ಪದರ, ಲ್ಯಾಮಿನೇಟ್‌ಗೂ ಬಿದ್ದಿದೆ. ಆಮೇಲೆ ಒಂದು ನಾಣ್ಯ ತಗೊಂಡು ಸೀಳಿಂದ ದೂರದಲ್ಲಿ ಶುರು ಮಾಡಿ ಹತ್ರ ಹತ್ರ ತಟ್ಕೊಂಡು ಬನ್ನಿ, ಗಟ್ಟಿ ಜಾಗದಲ್ಲಿ ಟಣ್ ಟಣ್ ಅನ್ನುತ್ತೆ, ಪದರ ಬಿಟ್ಟಿದ್ರೆ ಸದ್ದು ಧಪ್ ಅಂತ ಸತ್ತೋಗುತ್ತೆ, ಎಲ್ಲಿ ಸದ್ದು ಬದಲಾಯ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಗೇಣುದ್ದ ಸೀಳಿನ ಸುತ್ತ ಮೊಳದಗಲ ಗುರುತು ಬಂದಿದ್ದನ್ನ ನೋಡಿದೀನಿ.

ಎಂಜಿನ್ ಕೂರೋ ಹಿಂದಿನ ಹಲಗೆ, ಟ್ರಾನ್ಸಮ್, ಅದನ್ನೂ ಬಿಡಬೇಡಿ. ಎಂಜಿನ್ ಕಾಲು ಹಿಡಿದು ಮೇಲೆ ಕೆಳಗೆ ಒತ್ತಿ, ಹಲಗೆ ಅಲ್ಲಾಡಿದ್ರೆ ಒಳಗಿನ ಪ್ಲೈವುಡ್ ಕೊಳೆತಿರಬಹುದು.

ಪ್ರಶ್ನೆ: ಸರ್, ತೂಕ ಹಾಕಿಸ್ದೆ, ಎಲ್ಲಾ ಕಳೆದ್ರೂ 120 ಕೆಜಿ ಜಾಸ್ತಿ ಬರ್ತಿದೆ. ಡ್ರೈನ್ ಪ್ಲಗ್ ತೆಗೆದು ಮೂತಿ ಎತ್ತಿ ರಾತ್ರಿಯಿಡೀ ಬಿಟ್ವಿ, ಅರ್ಧ ಬಕೆಟ್ ಬಂತು ಅಷ್ಟೇ. ಬಿಸಿಲಲ್ಲಿ ಒಂದು ತಿಂಗಳು ಇಟ್ರೆ ಒಣಗುತ್ತಾ?

ಉತ್ತರ: ಇಲ್ಲ ಸರ್, ಒಣಗಲ್ಲ. ಅದು ಕ್ಲೋಸ್ಡ್ ಸೆಲ್ ಪಾಲಿಯುರೆಥೇನ್ ಫೋಮ್, ಮುಚ್ಚಿದ ಸಣ್ಣ ಗುಳ್ಳೆಗಳು, ನೀರು ವರ್ಷಗಟ್ಟಲೆ ನಿಂತು ನಿಂತು ನಿಧಾನಕ್ಕೆ ಒಳಗೆ ಸೇರಿರುತ್ತೆ, ಹಾಗೇ ಹೊರಗೆ ಬರಲ್ಲ. 120 ಕೆಜಿ ಅಂದ್ರೆ 120 ಲೀಟರ್ ನೀರು, ತೇಲಿಸೋ ಶಕ್ತಿ ಅಷ್ಟು ಹೋಯ್ತು ಅಂತ. ಖಾತ್ರಿ ಮಾಡ್ಕೋಬೇಕು ಅಂದ್ರೆ ಮಾರೋರ ಒಪ್ಪಿಗೆ ತಗೊಂಡು ಫ್ಲೋರಿನ ಹಿಂಬದಿ ತಗ್ಗಿನ ಜಾಗದಲ್ಲಿ ಹೋಲ್ ಸಾ ಇಂದ ಎರಡಿಂಚು ತೂತು ಕೊರೆದು, ತಳಕ್ಕೆ ತಾಗದ ಹಾಗೆ ಫೋಮ್ ತುಂಡು ಕೆಳಗಿನವರೆಗೂ ತೆಗೀರಿ. ಮೇಲಿನ ಎರಡಿಂಚು ಒಣಗಿದೆ ಅಂತ ಮೋಸ ಹೋಗಬೇಡಿ, ಕೆಳಗಿನ ತುದಿ ಮುಷ್ಟೀಲಿ ಹಿಂಡಿ. ಒಳ್ಳೇ ಫೋಮ್ ಬಿಸ್ಕತ್ ಥರ ಪುಡಿಯಾಗುತ್ತೆ, ಕೆಟ್ಟಿದ್ದು ಕಂದುಬಣ್ಣದ ನೀರು ಬಿಟ್ಟು ಬೆರಳಿಗೆ ಅಂಟುತ್ತೆ.

ಇನ್ನೊಬ್ಬರ ಪ್ರಶ್ನೆ: ಹಾಗಾದ್ರೆ ಒದ್ದೆ ಫೋಮ್ ಕಿತ್ತು ಬಾಗಿಲ ಸಂದಿಗೆ ಹೊಡಿಯೋ ಸ್ಪ್ರೇ ಫೋಮ್ ಡಬ್ಬಿ ತುಂಬಿದ್ರೆ ನಡೆಯುತ್ತಾ?

ಉತ್ತರ: ದಯವಿಟ್ಟು ಬೇಡ. ಅದು ಗಾಳಿಯ ತೇವಾಂಶದಿಂದ ಗಟ್ಟಿಯಾಗೋದು, ಆಳದಲ್ಲಿ ಹಸಿಯಾಗೇ ಉಳಿಯುತ್ತೆ. ಥರ್ಮೋಕೋಲ್ ಕೂಡ ಬೇಡ, ಪೆಟ್ರೋಲ್ ತಾಗಿದ್ರೆ ಕರಗುತ್ತೆ. ಎರಡು ದ್ರವ ಬೆರೆಸಿ ಸುರಿಯೋ ಬೋಟ್ ಫೋಮ್ ಬರುತ್ತೆ, ಘನ ಮೀಟರಿಗೆ 32 ಕೆಜಿ ಆಸುಪಾಸಿಂದು, ಅದನ್ನ ಸ್ವಲ್ಪ ಸ್ವಲ್ಪ ಸುರೀರಿ, ಒಟ್ಟಿಗೆ ಸುರಿದ್ರೆ ತುಂಬಾ ಬಿಸಿಯಾಗುತ್ತೆ. ತಳದ ನೀರು ಪ್ಲಗ್‌ವರೆಗೂ ಹರಿಯೋಕೆ ದಾರಿ ಬಿಡಲೇಬೇಕು, ದಾರಿ ಇಲ್ಲದೇನೇ ಮೊದಲಿನ ಫೋಮ್ ಹಾಳಾಗಿರೋದು.

ಪ್ರಶ್ನೆ: ಕೊನೇದಾಗಿ ಸರ್, ತಗೊಳ್ಳೋದಾ ಬಿಡೋದಾ?

ಉತ್ತರ: ಟ್ರಾನ್ಸಮ್ ಗಟ್ಟಿ ಇದ್ದು, ಫ್ಲೋರ್ ಪೂರ್ತಿ ಬಿಚ್ಚಿ ಫೋಮ್ ಹೊಸದು ಹಾಕೋ ಖರ್ಚು ರೇಟಲ್ಲಿ ಕಳೆದು ಕೊಟ್ರೆ ತಗೊಳ್ಳಿ. ಆ ಕೆಲಸ ಮುಗಿಯೋವರೆಗೂ ಮಕ್ಕಳನ್ನ ಮಾತ್ರ ಅದರಲ್ಲಿ ಕೂರಿಸಬೇಡಿ. ಟ್ರಾನ್ಸಮ್ ಅಲ್ಲಾಡಿದ್ರೆ ಬಿಟ್ಬಿಡಿ, ಬೇರೆ ನೋಡೋಣ.