ಕಿಟಕಿ ಪಕ್ಕದ ಸೀಟು

ನಾಣಿ ಕಟ್ಟೆಗೆ ಬಂದವನು ಕೂರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದ.

"ಏನೋ, ಹಿಡಿದುಕೊಂಡಿದೆಯಾ?" ಎಂದರು ವಿಮಲಕ್ಕ. ಎಕ್ಸ್‌ರೇ ರೂಮಿನ ಅಭ್ಯಾಸ. ಯಾರು ಬಂದರೂ ಮೊದಲು ಮೂಳೆಯ ಯೋಗಕ್ಷೇಮ.

"ಯುಕೆಜಿಗೆ ಹೋಗಿದ್ದೆ."

"ಮಗನನ್ನು ಬಿಡೋದಕ್ಕಾ?"

"ಬೈಸಿಕೊಳ್ಳೋದಕ್ಕೆ. ಪೇರೆಂಟ್ಸ್ ಮೀಟಿಂಗು. ಇಷ್ಟೆತ್ತರದ ಕುರ್ಚಿ ಕೊಟ್ಟರು." ನೆಲದಿಂದ ಒಂದು ಗೇಣು ಮೇಲಕ್ಕೆ ಕೈ ತೋರಿಸಿದ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಆದರೆ ಮುಖ ನೋಡಿದರೆ ಸುಳ್ಳು ಅನ್ನಿಸಲಿಲ್ಲ. "ಕೂತರೆ ಮಂಡಿ ಕಿವಿಗೆ ತಾಗಿತು. ಎದುರಿಗೆ ಮಿಸ್ಸು, ಅವರಿಗೆ ಮಾತ್ರ ದೊಡ್ಡ ಕುರ್ಚಿ. 37 ವರ್ಷ ಕಷ್ಟಪಟ್ಟು ಬೆಳೆದಿದ್ದೆ, ಅರ್ಧ ನಿಮಿಷದಲ್ಲಿ ಐದಕ್ಕೆ ಇಳಿಸಿಬಿಟ್ಟರು."

"ದೂರು ಏನಂತೆ?" ಎಂದ ಕಿಟ್ಟಿ. ದನಿಯಲ್ಲಿ ಸಣ್ಣ ಖುಷಿ ಇತ್ತು. ಅವನ ಮಗಳು ಅದೇ ಶಾಲೆಯಲ್ಲಿ ಒಂದನೇ ಕ್ಲಾಸು. ಹಿಂದಿನ ಬೀದಿಯಲ್ಲಿ ಅವಳ ಅಬಾಕಸ್ ಬಿಡುವ ತನಕ ಮಾತ್ರ ಕಿಟ್ಟಿ ನಮ್ಮ ಪಾಲಿಗೆ ಸಿಗುತ್ತಾನೆ. ಆಮೇಲೆ ಫೋನಿಕ್ಸು, ಅದಾದಮೇಲೆ ಹ್ಯಾಂಡ್‌ರೈಟಿಂಗು.

ನಾಣಿ ಜೇಬಿನಿಂದ ಮಡಿಸಿದ ಕಾಗದ ತೆಗೆದು ಓದಿದ. "ಕಿಟಕಿಯಿಂದ ಹೊರಗೆ ನೋಡುತ್ತಾನೆ."

"ಮುಂದೆ?"

"ಅಷ್ಟೇ. ಕೆಂಪು ಶಾಯಿ. ಕೆಳಗೆ ಎರಡು ಗೆರೆ."

"ಕಿಟಕಿಯಿಂದ ಇನ್ನೆಲ್ಲಿಗೆ ನೋಡಬೇಕಂತೆ?" ಎಂದರು ಮೇಷ್ಟ್ರು.

"ಅದನ್ನೇ ಕೇಳಿದೆ ಮೇಷ್ಟ್ರೇ. ಹೆಂಡತಿ ಕಾಲು ತುಳಿದಳು."

ಕಿಟ್ಟಿಗೆ ಇದು ನಗುವ ವಿಷಯ ಅನ್ನಿಸಲಿಲ್ಲ. "ಕಾಂಪಿಟೇಶನ್ ಕಾಲ ಕಣೋ. ಈಗ ಕಿಟಕಿ ನೋಡುತ್ತಾ ಕೂತರೆ ಮುಂದೆ ಕಷ್ಟ."

"ಮುಂದೆ ಅಂದರೆ?"

"ಒಂದನೇ ಕ್ಲಾಸಿನಲ್ಲಿ."

"ಅಲ್ಲಿ ಏನು ಮಾಡ್ತಾರೆ?"

"ಎರಡನೇ ಕ್ಲಾಸಿಗೆ ತಯಾರು ಮಾಡ್ತಾರೆ."

"ಎರಡರಲ್ಲಿ ಮೂರಕ್ಕೆ. ಹೀಗೇ ತಯಾರಾಗಿ ತಯಾರಾಗಿ ಕೊನೆಗೆ?"

"ಕೊನೆಗೇನು, ಒಂದು ಒಳ್ಳೇ ಕೆಲಸ."

"ಸರಿ. ನಿನಗೆ ಒಳ್ಳೇ ಕೆಲಸ ಇದೆ. ಹೋದ ತಿಂಗಳು ಆಫೀಸಿನಲ್ಲಿ ಯಾರ ಯಾರ ಕೈಕಾಲು ಹಿಡಿದು ಸೀಟು ಬದಲಾಯಿಸಿಕೊಂಡೆಯಲ್ಲ, ಎಲ್ಲಿಗೆ?"

ಕಿಟ್ಟಿ ಉತ್ತರ ಕೊಡಲಿಲ್ಲ. ವಿಮಲಕ್ಕ ಕೊಟ್ಟರು. "ಕಿಟಕಿ ಪಕ್ಕಕ್ಕೆ. ನಮಗೆಲ್ಲ ಫೋಟೋ ಕಳಿಸಿದ್ದ."

"ನೋಡು, ನಿನಗೆ ಅದು ಸಿಗೋದಕ್ಕೆ ಹನ್ನೊಂದು ವರ್ಷ ಸರ್ವೀಸ್ ಬೇಕಾಯಿತು. ನನ್ನ ಮಗನಿಗೆ ಯುಕೆಜಿಯಲ್ಲೇ ಸಿಕ್ಕಿದೆ. ಅದನ್ನು ಬಿಡಿಸಿ, ಓದಿಸಿ, ಮತ್ತೆ ಅಲ್ಲಿಗೇ ತಂದು ಕೂರಿಸೋದಕ್ಕೆ ವರ್ಷ ವರ್ಷ ಫೀಸು ಕಟ್ಟಬೇಕಂತೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹಾಗೆ ಮಾಡಿದರೆ ಇಸವಿ ಬರುತ್ತದೆ ಎಂದು ನಮಗೆಲ್ಲ ಗೊತ್ತು.

"ಕಿಂಡರ್‌ಗಾರ್ಟನ್ ಅಂದರೆ ಏನು ಗೊತ್ತೇನ್ರೋ? ಜರ್ಮನ್ ಮಾತು. ಮಕ್ಕಳ ತೋಟ ಅಂತ. ಫ್ರೋಬೆಲ್ ಅನ್ನೋ ಮಹಾನುಭಾವ 1837ರಲ್ಲಿ ಶುರುಮಾಡಿದ, 1840ರಲ್ಲಿ ಆ ಹೆಸರಿಟ್ಟ. ಹುಡುಗನಾಗಿದ್ದಾಗ ಅವನು ಕಾಡಿನ ಕೆಲಸ ಕಲಿತವನು. ಅವನ ಶಾಲೆಯಲ್ಲಿ ಮಕ್ಕಳಿಗೆ ಒಂದೊಂದು ಪುಟ್ಟ ಪಾತಿ. ಅವರೇ ಅಗೆಯಬೇಕು, ಅವರೇ ನೀರು ಹಾಕಬೇಕು."

"ಹಾಗಾದರೆ ಎಲ್‌ಕೆಜಿ ಅಂದರೆ ಕೆಳತೋಟ, ಯುಕೆಜಿ ಅಂದರೆ ಮೇಲ್ತೋಟ," ಎಂದ ನಾಣಿ. "ತೋಟ ಅಂತ ಬೋರ್ಡು ಹಾಕಿ, ತೋಟವನ್ನು ಕಿಟಕಿಯ ಆಚೆ ಇಟ್ಟು, ನನ್ನ ಮಗ ಆ ಕಡೆ ನೋಡಿದರೆ ಕೆಂಪು ಶಾಯಿ! ಇಡೀ ಶಾಲೆಯಲ್ಲಿ ಬೋರ್ಡು ಓದಿಕೊಂಡು ಒಳಗೆ ಬಂದವನು ಅವನೊಬ್ಬನೇ ಅನ್ನಿ."

"ಪೂರ್ತಿ ಕೇಳು. 1851ರಲ್ಲಿ ಪ್ರಷ್ಯಾ ಸರ್ಕಾರ ಈ ಶಾಲೆಗಳನ್ನೆಲ್ಲ ನಿಷೇಧಿಸಿತು. ಇಲ್ಲಿ ಮಕ್ಕಳಿಗೆ ದೇವರಿಲ್ಲ ಅಂತ ಕಲಿಸುತ್ತಾರೆ ಅನ್ನೋ ಅನುಮಾನ. ಮರುವರ್ಷ ಫ್ರೋಬೆಲ್ ತೀರಿಕೊಂಡ."

"ನಮ್ಮಲ್ಲಿ ಆ ಭಯ ಇಲ್ಲ ಬಿಡಿ. ಯೂನಿಟ್ ಟೆಸ್ಟ್ ಬಂದರೆ ಮನೆಮಂದಿಯೆಲ್ಲ ದೇವರ ಮುಂದೆಯೇ ಇರುತ್ತೇವೆ."

ಆ ಕುರ್ಚಿಯ ಮೇಲೆ ನಾಣಿಗೆ ಇನ್ನೂ ಸಿಟ್ಟಿತ್ತು. ಅದಕ್ಕೂ ಮೇಷ್ಟ್ರ ಹತ್ತಿರ ಇಸವಿ ಇತ್ತು. ಮರಿಯಾ ಮಾಂಟೆಸರಿ 1907ರಲ್ಲಿ ರೋಮಿನಲ್ಲಿ ಶಾಲೆ ತೆರೆದಾಗ ಪುಟ್ಟ ಪುಟ್ಟ ಹಗುರವಾದ ಕುರ್ಚಿ ಮಾಡಿಸಿದರಂತೆ. ಮಗು ತಾನೇ ಎತ್ತಿ ಬೇಕಾದ ಕಡೆ ಇಟ್ಟುಕೊಳ್ಳಲಿ ಅಂತ.

"ನಮ್ಮವರು ಕುರ್ಚಿಯ ಅಳತೆ ಮಾತ್ರ ತಂದಿದ್ದಾರೆ. ಎತ್ತಿದರೆ ಡೈರಿಯಲ್ಲಿ ಬರೆಯುತ್ತಾರೆ."

"ಫಿನ್ಲೆಂಡಿನಲ್ಲಿ ಒಂದನೇ ಕ್ಲಾಸೇ 7 ವರ್ಷಕ್ಕಂತೆ," ಎಂದರು ವಿಮಲಕ್ಕ.

"ಅಲ್ಲಿ ಚಳಿಗಾಲದಲ್ಲಿ ಹೊರಗೆ ನೋಡಿದರೆ ಹಿಮ ಬಿಟ್ಟು ಏನೂ ಕಾಣಲಿಕ್ಕಿಲ್ಲ. ಆದರೂ ನೋಡಲಿ ಅಂತ ಬಿಟ್ಟಿದ್ದಾರೆ."

ಕಿಟ್ಟಿ ಬಿಡಲಿಲ್ಲ. "ಅದೆಲ್ಲ ಸರಿ ಕಣೋ. ಬರೆಯೋದು ಹೇಗಿದೆ ನಿನ್ನ ಮಗ? ಕರ್ಸಿವ್ ಬಂತಾ?"

ನಾಣಿಗೆ ಈಗ ಸೊಂಟ ಮರೆತುಹೋಯಿತು. ಕೂತೇಬಿಟ್ಟ. "ಕರ್ಸಿವ್! ನಾಲ್ಕು ಗೆರೆ ಪುಸ್ತಕದಲ್ಲಿ ದಿನಾ ಎರಡು ಪುಟ. ಅಕ್ಷರದ ಹೊಟ್ಟೆ ನಡುವಿನ ಎರಡು ಗೆರೆ ಒಳಗೇ ಇರಬೇಕು, ಬಾಲ ಕೆಳಗಿನ ಗೆರೆ ಮುಟ್ಟಬೇಕು, ದಾಟಬಾರದು. ಪಾಪ, ಅವನು ನಾಲಿಗೆ ಹೊರಗೆ ಹಾಕಿಕೊಂಡು ಬರೆಯುತ್ತಾನೆ. ನಾಲಿಗೆ ಯಾವ ಕಡೆ ತಿರುಗುತ್ತೋ ಅಕ್ಷರ ಆ ಕಡೆ. ಪೆನ್ಸಿಲ್ ಎಷ್ಟು ಒತ್ತಿ ಹಿಡಿಯುತ್ತಾನೆ ಅಂದರೆ ಮಲಗಿದ ಮೇಲೂ ಬೆರಳಿನಲ್ಲಿ ಗುಳಿ ಇರುತ್ತದೆ. ಮೊನ್ನೆ ಅಳಿಸಿ ಅಳಿಸಿ ಹಾಳೆ ತೂತಾಯಿತು. ಆ ತೂತಿಗೆ ಕಣ್ಣಿಟ್ಟು ನನ್ನನ್ನು ನೋಡಿದ."

"ಅಲ್ಲೂ ಕಿಟಕಿ ಮಾಡಿಕೊಂಡ," ಎಂದರು ಮೇಷ್ಟ್ರು.

"ಐದು ವರ್ಷದವನ ಮಣಿಕಟ್ಟು ನೋಡಿದ್ದೀರಾ ಯಾರಾದರೂ?" ಎಂದರು ವಿಮಲಕ್ಕ. "ನಾನು ದಿನಾ ನೋಡುತ್ತೇನೆ. ಅಲ್ಲಿ 8 ಪುಟ್ಟ ಮೂಳೆ ಇರಬೇಕು. ಹುಟ್ಟಿದಾಗ ಫಿಲ್ಮಿನಲ್ಲಿ ಒಂದೂ ಕಾಣೋದಿಲ್ಲ, ಇನ್ನೂ ಮೆತ್ತಗೆ ಇರುತ್ತವೆ. ವರ್ಷ ಹೋದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಮಗುವಿನ ಕೈ ಎಕ್ಸ್‌ರೇ ನೋಡಿ ವಯಸ್ಸು ಅಂದಾಜು ಮಾಡೋದೇ ಹಾಗೆ. ಐದಕ್ಕೆ ಎಂಟೂ ಬಂದಿರೋದಿಲ್ಲ."

"ಕೇಳಿದೆಯೇನೋ ಕಿಟ್ಟಿ? ಕೈಯಲ್ಲಿ ಮೂಳೆ ಇನ್ನೂ ಅಡ್ಮಿಷನ್ ತಗೊಳ್ತಾ ಇದೆ. ಇವರು ಆಗಲೇ ಪರೀಕ್ಷೆ ಇಟ್ಟಿದ್ದಾರೆ."

ಅಡ್ಮಿಷನ್ ಅಂದಿದ್ದೇ ತಡ, ಹಳೇ ಗಾಯ ನೆನಪಾಯಿತು. ಮಗನನ್ನು ಸೇರಿಸುವಾಗ ನಾಣಿಗೂ ಹೆಂಡತಿಗೂ ಇಂಟರ್‌ವ್ಯೂ ಆಗಿತ್ತು. ನಾಣಿ ಪೆಚ್ಚಾಗಿದ್ದ, ಹೆಂಡತಿ ಪಾಸಾಗಿದ್ದರು. ಮಗು ಮಾತ್ರ ಮೇಜಿನ ಕೆಳಗೆ ಹೋಗಿ ಯಾರದೋ ಶೂ ಲೇಸು ಬಿಚ್ಚುತ್ತಿತ್ತು.

"ಅದು ಕಾನೂನು ಪ್ರಕಾರ ತಪ್ಪಲ್ವಾ?" ಎಂದರು ವಿಮಲಕ್ಕ. "ಶಿಕ್ಷಣ ಹಕ್ಕು ಕಾಯ್ದೆ ಅಂತ ಇದೆಯಲ್ಲ?"

"2009ರ ಕಾಯ್ದೆ. ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯಬಾರದು ಅಂತಲೇ ಇದೆ," ಎಂದರು ಮೇಷ್ಟ್ರು. "ಆದರೆ ಆ ಹಕ್ಕು 6ರಿಂದ 14 ವರ್ಷದವರಿಗೆ."

"ಅದಕ್ಕೇ ಆರರೊಳಗೆ ಮುಗಿಸಿಬಿಡುತ್ತಾರೆ!"

ಬ್ಯಾಗಿನ ವಿಷಯ ಬಂದೇ ಬಂತು. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯಲ್ಲಿ ಬ್ಯಾಗಿನ ತೂಕ ಮಗುವಿನ ತೂಕದ ಶೇ 10 ದಾಟಬಾರದು, ಒಂದನೇ ಕ್ಲಾಸಿಗಿಂತ ಕೆಳಗಿನವರಿಗೆ ಬ್ಯಾಗೇ ಬೇಡ, ಎರಡನೇ ಕ್ಲಾಸಿನ ತನಕ ಹೋಂವರ್ಕೂ ಬೇಡ ಎಂದಿದೆ. ನಾಣಿ ಇದನ್ನು ಶಾಲೆಯಲ್ಲಿ ಹೇಳಿದ್ದನಂತೆ. "ಅದು ಹೋಂವರ್ಕ್ ಅಲ್ಲ ಸರ್, ಆಕ್ಟಿವಿಟಿ" ಎಂದರಂತೆ.

"ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದೇ ಮಕ್ಕಳ ಬ್ಯಾಗಿನ ಬಗ್ಗೆ," ಎಂದರು ಮೇಷ್ಟ್ರು. "ಆಮೇಲೆ ಯಶ್‌ಪಾಲ್ ಸಮಿತಿ ಆಯಿತು. 1993ರಲ್ಲಿ ಹೊರೆ ಇಳಿಸಿ ಅಂತ ವರದಿ ಬಂತು."

"1993ರಲ್ಲಿ ನಾನೇ ಯುಕೆಜಿ, ಮೇಷ್ಟ್ರೇ. ವರದಿ ಕೆಲಸ ಮಾಡಿದೆ. ಹೊರೆ ಮಗುವಿನ ಬೆನ್ನಿನಿಂದ ಇಳಿದಿದೆ. ಈಗ ಗೇಟಿನ ತನಕ ನಾನೇ ಹೊರುತ್ತೇನೆ."

"ಮಿಸ್ಸುಗಳನ್ನೇ ಬೈಯಬೇಡ," ಎಂದ ಕಿಟ್ಟಿ. "ನಮ್ಮ ಗ್ರೂಪಿನಲ್ಲಿ ಪೇರೆಂಟ್ಸೇ ಕೇಳುತ್ತಾರೆ. ಪಕ್ಕದ ಶಾಲೆಯಲ್ಲಿ ಆಗಲೇ ಮಗ್ಗಿ ಶುರುವಾಗಿದೆ, ನಿಮ್ಮಲ್ಲಿ ಯಾಕಿಲ್ಲ ಅಂತ."

"ಕೇಳಿದ್ದು ಯಾರು?"

"ಯಾರೋ ಒಬ್ಬರು."

"ನೀನೇ ಅಲ್ವಾ?"

ಕಿಟ್ಟಿ ಗಡಿಯಾರ ನೋಡಿಕೊಂಡ. ಇನ್ನೂ ಹತ್ತು ನಿಮಿಷ ಇತ್ತು.

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಗಂಟಲು ಸರಿಮಾಡಿಕೊಳ್ಳದೆ ಮಾತು ಶುರುಮಾಡಿದರು. "ನಾನೂ ಮುಚ್ಚಿಸಿದ್ದೇನೆ ಕಣಯ್ಯಾ. 33 ವರ್ಷ ಪಾಠ ಮಾಡಿದೆ. ಹುಡುಗರು ಹೊರಗೆ ನೋಡಿದರೆ, ಗಾಳಿ ಜಾಸ್ತಿ, ಕಿಟಕಿ ಹಾಕ್ರೋ ಅನ್ನುತ್ತಿದ್ದೆ. ಗಾಳಿ ಇರುತ್ತಿರಲಿಲ್ಲ. ಹೊರಗೆ ಏನಿತ್ತು ಅಂತ ಒಂದು ದಿನ ಎದ್ದು ಹೋಗಿ ನೋಡಲಿಲ್ಲ." ಸ್ವಲ್ಪ ತಡೆದು ಕೇಳಿದರು, "ನಿನ್ನ ಮಗ ಏನು ನೋಡ್ತಾನೋ ನಾಣಿ?"

"ನಾನೂ ಮೊದಲು ನಿಂತುಕೊಂಡು ನೋಡಿದೆ. ಬರೀ ಕಾಂಪೌಂಡು ಗೋಡೆ. ಇದಕ್ಕೋಸ್ಕರವಾ ಅಂದುಕೊಂಡೆ. ಆಮೇಲೆ ಆ ದರಿದ್ರ ಕುರ್ಚಿಯಲ್ಲಿ ಕೂತೆ ನೋಡಿ. ಅಷ್ಟು ಕೆಳಗಿನಿಂದ ಕತ್ತೆತ್ತಿದರೆ ಕಿಟಕಿಯ ಮೇಲಿನ ಸಜ್ಜೆಯ ಅಡಿ ಕಾಣುತ್ತದೆ. ನಿಂತವರಿಗೆ ಕಾಣೋದಿಲ್ಲ. ಅಲ್ಲಿ ಒಂದು ಕಣಜ. ಮಣ್ಣಿನ ಗೂಡು ಕಟ್ಟುತ್ತಿತ್ತು. ಸಾಸಿವೆಯಷ್ಟು ಹಸಿ ಮಣ್ಣು ಕಚ್ಚಿಕೊಂಡು ಬರೋದು, ಅಂಚಿಗೆ ಇಟ್ಟು ಬಾಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಎಳೆಯೋದು, ಹೋಗೋದು. ಹಸಿ ಇರೋ ಕಡೆ ಕಪ್ಪು, ಒಣಗಿದ ಕಡೆ ಬೂದಿ. ಸಣ್ಣ ಗಡಿಗೆ, ಕಂಠ ಕೂಡ ಇತ್ತು."

"ಒಳಗೆ ಮೊಟ್ಟೆ ಇಟ್ಟು, ಕಂಬಳಿಹುಳ ತುಂಬಿಸುತ್ತದೆ ಮರಿಗೆ," ಎಂದರು ಮೇಷ್ಟ್ರು. "ಆಮೇಲೆ ಬಾಯಿ ಮುಚ್ಚಿ, ಹೊರಟುಹೋಗುತ್ತದೆ."

"ಹೋಗಿಯೇ ಬಿಡುತ್ತಾ?"

"ಹೋಗಿಯೇ ಬಿಡುತ್ತದೆ."

"ಮರಿ ಆಕ್ಟಿವಿಟಿ ಮಾಡಿತಾ ಅಂತ ನೋಡೋಕೆ ಬರೋದಿಲ್ಲ?" ನಾಣಿ ಒಂದು ಕ್ಷಣ ಯೋಚಿಸಿದ. "ರಾತ್ರಿ ಮಗನನ್ನು ಕೇಳಿದೆ. ನೋಡಿದೆಯಾ ಅಪ್ಪಾ ಅಂತ ಎದ್ದು ಕೂತ. ಅದು ಇಪ್ಪತ್ತು ಸಲ ಬಂತು, ಆಮೇಲೆ ಮತ್ತೆ ಒಂದು ಸಲ, ಮತ್ತೆ ಎರಡು ಸಲ, ಹಾಗೇ ಎಂಟರ ತನಕ ಅಂದ. ಇಪ್ಪತ್ತಾದ ಮೇಲೆ ಅವನಿಗೆ ಎಣಿಸೋಕೆ ಬರೋದಿಲ್ಲ. ಅದನ್ನೂ ಮಿಸ್ಸು ಹೇಳಿದ್ದರು."

"ಮಿಸ್ಸು ಏನು ಹೇಳಿದರು ಕೊನೆಗೆ?" ಎಂದರು ವಿಮಲಕ್ಕ.

"ಸರ್, ಇಲ್ಲಿ ನೋಡಿ, ಇಲ್ಲಿ ನೋಡಿ ಅಂದರು. ಮೂರು ಸಲವಂತೆ. ಮಿಕ್ಕಿದ್ದು ಹೆಂಡತಿಗೆ ಗೊತ್ತು. ಅವಳು ನನ್ನ ಜೊತೆ ಮಾತಾಡುತ್ತಿಲ್ಲ."

ನಾವೆಲ್ಲ ನಕ್ಕೆವು. ಕಿಟ್ಟಿ ನಗಲಿಲ್ಲ.

"ಯಾವ ರೂಮೋ ಅದು? ಮೂಲೆಯದಾ?"

"ಹೂಂ, ಮೂಲೆಯದು."

"ನಮ್ಮವಳೂ ಹೋದ ವರ್ಷ ಅದೇ ರೂಮಿನಲ್ಲಿದ್ದಳು. ಯಾವತ್ತೂ ಹೇಳಲಿಲ್ಲ."

"ನೋಡಿರಲಿಕ್ಕಿಲ್ಲ ಬಿಡು," ಎಂದ ನಾಣಿ. "ಅವಳಿಗೆ ಗಮನಕ್ಕೆ ಸ್ಟಾರ್ ಬಂದಿತ್ತಲ್ಲ."

ಕಿಟ್ಟಿ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಸ್ಕೂಟರ್ ಹತ್ತಿರ ಹೋಗಿ, ಹತ್ತದೆ, ಅದನ್ನು ಹಾಗೇ ತಳ್ಳಿಕೊಂಡು ಅಬಾಕಸ್ ಬೀದಿಯ ಕಡೆ ನಡೆದ.